ಗಾಂಧಿ ಕ್ಲಾಸಿನಲ್ಲಿ ಜೋಗ್ಜಾ!

1978ರಲ್ಲೇ ದ್ವಾರಕೀಶ್, ವಿಷ್ಣುವರ್ಧನ್ ಜೋಡಿ ವಿಮಾನ ಹತ್ತಿ 'ಸಿಂಗಪೂರಿನಲ್ಲಿ ರಾಜಾಕುಳ್ಳ' ಚಿತ್ರದಲ್ಲಿ ನಮಗೆಲ್ಲ ಫಾರಿನ್ ತೋರಿಸಿದ್ದರು. ಅದು ಸಿನಿಮಾದವರ ಮಾತಾಯ್ತು. ಸ್ವಂತ ಜೇಬಿನ ದುಡ್ಡಲ್ಲಿ ಸುತ್ತಬೇಕಾದ ನಮ್ಮ ನಿಮ್ಮಂಥ ಗಾಂಧಿ ಕ್ಲಾಸಿನ ಮಂದಿ ಎಲ್ಲಿಗೆ ಹೋಗಬೇಕು? ನನ್ನನ್ನು ಕೇಳಿದರೆ ಜಾವಾ ದ್ವೀಪದ ಯೋಗ್ಯಕರ್ತ ನಗರಕ್ಕೆ! ಅಲ್ಲಿಯವರು ಪ್ರೀತಿಯಿಂದ ಕರೆಯೋದು 'ಜೋಗ್ಜಾ' ಅಂತ.

ನಾವು ಮೂವರು ಗೆಳೆಯರು. ಒಬ್ಬ ಗ್ಯಾರೇಜಿನವನು, ಇನ್ನೊಬ್ಬ ಮೊಬೈಲ್ ಅಂಗಡಿಯವನು, ನಾನು ಪ್ರೆಸ್ಸಿನವನು. ಗ್ಯಾರೇಜಿನವನು ಮುಂದಿನ ತಿಂಗಳೇ ದುಬೈಗೆ ಕೆಲಸಕ್ಕೆ ಹೊರಟಿದ್ದ. ಮತ್ತೆ ಮೂವರೂ ಒಟ್ಟಿಗೆ ಸುತ್ತೋದು ಯಾವಾಗಲೋ! ಅದಕ್ಕೇ ದುಡ್ಡು ಒಟ್ಟು ಹಾಕಿ ಆಗಸ್ಟ್‌ನಲ್ಲಿ ಹೊರಟೇಬಿಟ್ಟೆವು.

ನಮ್ಮ ಒಂದು ರೂಪಾಯಿಗೆ ಅಲ್ಲಿ ನೂರಕ್ಕೂ ಮಿಕ್ಕಿ ರೂಪಿಯಾ. ಕೈತುಂಬ ನೋಟು ಬಂದಾಗ ಮೂವರೂ ಲಕ್ಷಾಧೀಶ್ವರರು! ಆದರೆ ಒಂದು ಊಟಕ್ಕೇ ಹತ್ತಿಪ್ಪತ್ತು ಸಾವಿರ ಎಣಿಸಿ ಕೊಟ್ಟಾಗ ಅಮಲು ಇಳಿಯಿತು ಅನ್ನಿ.

ಊರಿನ ಮುಖ್ಯ ಬೀದಿ ಮಾಲಿಯೊಬೊರೊ. ತುಗು ರೈಲು ನಿಲ್ದಾಣದ ಬಳಿಯಿಂದ ಸುಲ್ತಾನರ ಅರಮನೆಯ ದಿಕ್ಕಿಗೆ ನೆಟ್ಟಗೆ ಹೋಗುತ್ತದೆ. ನಡೆಯೋದಕ್ಕೆ ದುಡ್ಡಿಲ್ಲ ನೋಡಿ! ಫುಟ್‌ಪಾತಿನ ವ್ಯಾಪಾರಿಗಳನ್ನು 2022ರಲ್ಲಿ ಬೇರೆ ಕಟ್ಟಡಕ್ಕೆ ಕಳಿಸಿದ್ದಾರೆ. ಬಾಟಿಕ್ ಅಂಗಿಗೆ ಚೌಕಾಸಿ ಅಲ್ಲೇ ಮಾಡಬೇಕು. ನಮ್ಮನ್ನು ಕಂಡ ಸೈಕಲ್ ರಿಕ್ಷಾದ ಯಜಮಾನರೊಬ್ಬರು "ಇಂಡಿಯಾ? ಕುಛ್ ಕುಛ್ ಹೋತಾ ಹೈ!" ಎಂದು ನಕ್ಕರು. 1998ರ ಚಿತ್ರ ಇನ್ನೂ ಅಲ್ಲಿ ಓಡುತ್ತಿದೆ, ಜನರ ಬಾಯಲ್ಲಿ!

ರಾತ್ರಿಯ ಊಟ ರಸ್ತೆ ಬದಿಯ ಗಾಡಿಯಲ್ಲಿ, 'ಅಂಕ್ರಿಂಗನ್' ಅಂತಾರೆ. 'ನಾಸಿ ಕುಚಿಂಗ್' ಅಂದರೆ ಬೆಕ್ಕಿನ ಅನ್ನ. ಗಾಬರಿ ಬೇಡ, ಬೆಕ್ಕಿಗೆ ಸಾಕಾಗುವಷ್ಟೇ ಪುಟ್ಟ ಪೊಟ್ಟಣ. ಒಳಗೆ ಹಿಡಿ ಅನ್ನ, ಖಾರದ ಚಟ್ನಿ. ಮೂರು ಪೊಟ್ಟಣ ಬಿಚ್ಚಿದರೆ ಹೊಟ್ಟೆ ಗಟ್ಟಿ. ಮೇಲೊಂದು 'ಕೋಪಿ ಜೋಸ್'. ಕಾಫಿ ಲೋಟಕ್ಕೆ ನಿಗಿನಿಗಿ ಕೆಂಡ ಹಾಕಿ ಕೊಡುತ್ತಾರೆ. ಚೊಂಯ್! ಯಾವ ಸ್ಟಂಟ್ ಮಾಸ್ಟರಿಗೂ ಹೊಳೆಯದ ಐಡಿಯಾ!

ಅರಮನೆಯ ದಕ್ಷಿಣದ ಮೈದಾನದಲ್ಲಿ ಎರಡು ಆಲದ ಮರಗಳಿವೆ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ನಡುವೆ ದಾಟಿದವನ ಮನಸ್ಸು ಶುದ್ಧ ಅಂತ ನಂಬಿಕೆ. ಮೂವರೂ ಪ್ರಯತ್ನಿಸಿದೆವು. ಮೂವರೂ ಮೂರು ದಿಕ್ಕಿಗೆ!

ಕೊನೆಗೆ ಬಂತು ಕ್ಲೈಮ್ಯಾಕ್ಸ್. ಗ್ಯಾರೇಜಿನವನಿಗೆ ಚಿಕ್ಕಂದಿನಿಂದ ಬೊರೊಬುದೂರಿನ ಆಸೆ. 9ನೇ ಶತಮಾನದ ಬೌದ್ಧ ಸ್ತೂಪ, 504 ಬುದ್ಧಮೂರ್ತಿಗಳು. ಆದರೆ ವಿದೇಶೀಯರಿಗೆ ಮೇಲೆ ಹತ್ತುವ ಟಿಕೆಟ್ಟೇ ನಾಲ್ಕು ಲಕ್ಷ ರೂಪಿಯಾ ದಾಟುತ್ತದೆ. ಇತ್ತ ಪ್ರಂಬನನ್ ದೇಗುಲದ ಬಳಿ ರಾಮಾಯಣ ನೃತ್ಯನಾಟಕ. ಉಳಿದ ಗಂಟಿನಲ್ಲಿ ಒಬ್ಬ ಬೊರೊಬುದೂರ್ ಹತ್ತಬಹುದು, ಇಲ್ಲವೇ ಮೂವರೂ ಕೊನೆ ದರ್ಜೆಯಲ್ಲಿ ಕೂತು ರಾಮಾಯಣ ನೋಡಬಹುದು.

"ನೀನೇ ಹೋಗಿ ಬಾರೋ, ದುಬೈಗೆ ಹೋಗೋನು ನೀನು" ಅಂದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಬ್ಬನೇ ನೋಡೋ ಪಿಚ್ಚರ್ ಒಂದು ಪಿಚ್ಚರಾ? ಮೂರು ಟಿಕೆಟ್ ತಗೊಳ್ರೋ" ಅಂದ.

ಟ್ರಾನ್ಸ್ ಜೋಗ್ಜಾ ಬಸ್ಸಿನಲ್ಲಿ ಕೆಲವೇ ಸಾವಿರಕ್ಕೆ ಪ್ರಂಬನನ್ ತಲುಪಿದೆವು. 47 ಮೀಟರ್ ಎತ್ತರದ ಶಿವಾಲಯ ದೀಪದ ಬೆಳಕಿನಲ್ಲಿ ಹಿಂದೆ ನಿಂತಿದೆ, ಮುಂದೆ ಬಯಲು ರಂಗ! ಯಾವ ಕಲಾ ನಿರ್ದೇಶಕ ಹಾಕ್ತಾನ್ರೀ ಅಂಥ ಸೆಟ್ಟು? 1961ರಿಂದ ಇಲ್ಲಿ ಈ ಆಟ ನಡೆದು ಬಂದಿದೆ. ಸೀತೆ ಇಲ್ಲಿ 'ಸಿಂತಾ', ರಾವಣ 'ರಹ್ವಾನ', ಹನುಮ 'ಅನೋಮಾನ್'. ಕುಣಿಯುವವರಲ್ಲಿ ಹೆಚ್ಚಿನವರು ಮುಸಲ್ಮಾನರು. ಡೈಲಾಗ್ ಇಲ್ಲ, ಗಮೆಲಾನ್ ವಾದ್ಯ, ಹಾಡು, ಕುಣಿತ ಅಷ್ಟೇ. ಆದರೂ ನಮಗೆ ಅರ್ಥವಾಗದ ದೃಶ್ಯ ಒಂದೂ ಇಲ್ಲ. ಹನುಮ ಲಂಕೆ ಸುಟ್ಟಾಗ ರಂಗದ ಮೇಲೆ ಎದ್ದದ್ದು ನಿಜವಾದ ಬೆಂಕಿ! ಗ್ಯಾರೇಜಿನವನು ಎದ್ದು ನಿಂತು ಹಾಕಿದ ಶಿಳ್ಳೆಗೆ ಅಕ್ಕಪಕ್ಕದ ಜಾವಾ ಹುಡುಗರೂ ಚಪ್ಪಾಳೆ ಸೇರಿಸಿದರು.

ನೀವು ಹೋಗುವುದಾದರೆ ಒಂದು ಕಿವಿಮಾತು: ಬಯಲು ರಂಗದ ಆಟ ಮಳೆಯಿಲ್ಲದ ಮೇ-ಅಕ್ಟೋಬರ್ ತಿಂಗಳುಗಳಲ್ಲಿ, ಉಳಿದಂತೆ ಒಳಾಂಗಣದಲ್ಲಿ. ಬೊರೊಬುದೂರಿಗೆ ಬೇರೆಯೇ ದುಡ್ಡು ಎತ್ತಿಡಿ. ಗೆಳೆಯರನ್ನು ಮಾತ್ರ ಬಿಟ್ಟು ಹೋಗಬೇಡಿ!