ಸ್ಟಿಕ್ಕರ್ ಇಲ್ಲದ ಸೈಕಲ್

ಋಷಿಕೊಂಡದ ಆಫೀಸಿಗೆ ಮೊದಲ ಸಲ ಸೈಕಲ್‌ನಲ್ಲಿ ಹೋದ ದಿನ ಗೇಟಿನಲ್ಲೇ ತಡೆದರು. ಒಳಗೆ ಬಿಡಲು ಪಾರ್ಕಿಂಗ್ ಸ್ಟಿಕ್ಕರ್ ಬೇಕು, ಸ್ಟಿಕ್ಕರ್ ಕೊಡಲು ಗಾಡಿ ನಂಬರ್ ಬೇಕು. ಸೈಕಲ್‌ಗೆ ನಂಬರ್ ಎಲ್ಲಿಂದ ತರಲಿ? ಕೊನೆಗೆ ಸೆಕ್ಯುರಿಟಿಯವರ ಕುರ್ಚಿಯ ಹಿಂದೆ ಗೋಡೆಗೆ ಒರಗಿಸಿಟ್ಟು, ಗುಡ್ಡ ಹತ್ತಿ ನಡೆದೇ ಹೋದೆ.

ಮನೆಯಲ್ಲಿ ಇದನ್ನು ಹೇಳಿ ನಕ್ಕಿದ್ದೇ ತಪ್ಪಾಯಿತು. ಹೆಂಡತಿ ಇಲ್ಲೇ ಹತ್ತಿರದ ವಿಶ್ವವಿದ್ಯಾಲಯವೊಂದರಲ್ಲಿ ಪಾಠ ಮಾಡುತ್ತಾಳೆ. ಕ್ಯಾಂಪಸ್‌ನಲ್ಲಿ ಬೈಕ್ ಓಡಾಟ ತಗ್ಗಿಸಿ ಸೈಕಲ್ ಹೆಚ್ಚಿಸಲು ಅಲ್ಲೊಂದು ಸಮಿತಿ, ಅದರಲ್ಲಿ ಅವಳೂ ಇದ್ದಳು. ನೂರು ಸೈಕಲ್ ಕೊಂಡು ಎಲ್ಲರ ಬಳಕೆಗೆ ಬಿಡುವುದೆಂದು ಹೆಚ್ಚುಕಮ್ಮಿ ತೀರ್ಮಾನವಾಗಿತ್ತು. ‘ನೀವು ಟಾಟಾ ಇನ್‌ಸ್ಟಿಟ್ಯೂಟಲ್ಲಿ ಎರಡು ವರ್ಷ ಸೈಕಲ್ ಮೇಲೇ ಇದ್ದೋರು, ಸರಿಯಾ ಹೇಳಿ’ ಎಂದಳು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ನಾನು ಎಂಟೆಕ್‌ಗೆ ಸೇರಿದ್ದು 2012ರಲ್ಲಿ. ಆ ವರ್ಷವೇ ಅಲ್ಲಿ ‘ನಮ್ಮ ಸೈಕಲ್’ ಶುರುವಾಗಿತ್ತು. ಒಂದು ಸ್ಟ್ಯಾಂಡಿನಲ್ಲಿ ತೆಗೆದುಕೊಂಡು ಇನ್ನೊಂದರಲ್ಲಿ ಬಿಡುವ ಯೋಜನೆ. ಆದರೆ ನಾನು ತುಳಿದದ್ದು ಸೀನಿಯರ್ ಒಬ್ಬರು ಊರಿಗೆ ಹೊರಟಾಗ ಮಾರಿದ ಹಳೇ ಸೈಕಲ್ಲನ್ನೇ. ಸುಮಾರು 400 ಎಕರೆ ಜಾಗ, ಗುಲ್‌ಮೊಹರ್ ಮಾರ್ಗ, ಮಹಾಗನಿ ಮಾರ್ಗಗಳ ನೆರಳು. ಸೈಕಲ್ ಹತ್ತಿ ಎಂದು ಅಲ್ಲಿ ಯಾರಿಗೂ ಹೇಳಬೇಕಿರಲಿಲ್ಲ. ಹಾಸ್ಟೆಲ್ ಬಳಿ ಮಾತ್ರ ಓದು ಮುಗಿಸಿ ಹೋದವರು ಬಿಟ್ಟ ಸೈಕಲ್‌ಗಳು ತುಕ್ಕು ಹಿಡಿದು ನಿಂತಿರುತ್ತಿದ್ದವು. ಗಾಳಿ ಹೊಡೆದು ಚೈನಿಗೆ ಎಣ್ಣೆ ಬಿಟ್ಟಿದ್ದರೆ ಅರ್ಧಕ್ಕರ್ಧ ಓಡುತ್ತಿದ್ದವು.

ಮೈಸೂರಿನ ‘ಟ್ರಿಣ್ ಟ್ರಿಣ್’ ನಮ್ಮವರಿಗೆ ಗೊತ್ತೇ ಇದೆ. 2017ರಲ್ಲಿ 450 ಸೈಕಲ್, 48 ನಿಲ್ದಾಣಗಳೊಂದಿಗೆ ಶುರುವಾದದ್ದು. ಸಮಿತಿಯವರ ತಲೆಯಲ್ಲಿದ್ದುದೂ ಅಂಥದ್ದೇ. ಆದರೆ ಋಷಿಕೊಂಡದ ಹೆಸರಲ್ಲೇ ಕೊಂಡ ಇದೆ, ಅಂದರೆ ಗುಡ್ಡ. ಇಂಥ ಕಡೆ ಹಂಚಿಕೆ ಸೈಕಲ್ ಇಟ್ಟರೆ ಎಲ್ಲರೂ ಇಳಿಜಾರಿನಲ್ಲಿ ಜುಮ್ಮನೆ ಇಳಿಯುತ್ತಾರೆ, ಮೇಲಕ್ಕೆ ಆಟೊದಲ್ಲಿ ಬರುತ್ತಾರೆ. ಸಂಜೆಗೆ ಸೈಕಲ್ಲೆಲ್ಲ ಕೆಳಗೆ! ಪ್ಯಾರಿಸ್‌ನ ‘ವೆಲಿಬ್’ಗೂ ಇದೇ ಪಾಡಾಗಿ, ಎತ್ತರದ ನಿಲ್ದಾಣಕ್ಕೆ ಸೈಕಲ್ ತಂದುಬಿಟ್ಟವರಿಗೆ 15 ನಿಮಿಷ ಹೆಚ್ಚುವರಿ ಸವಾರಿ ಕೊಡಬೇಕಾಯಿತು.

ಇನ್ನೊಂದು, ಸಮುದ್ರದ ಉಪ್ಪುಗಾಳಿ. ಬಯಲಲ್ಲಿ ನಿಲ್ಲಿಸಿದ ನನ್ನ ಸೈಕಲ್ಲಿನ ಚೈನು ಒಂದೇ ಮಳೆಗಾಲಕ್ಕೆ ಕೆಂಪಾಯಿತು. ಮುಂದೆ 44 ಹಲ್ಲು, ಹಿಂದೆ 18 ಹಲ್ಲಿನ ಗೇರಿಲ್ಲದ ಸೈಕಲ್ ಅದು. ಪೆಡಲ್ ಒಂದು ಸುತ್ತಿಗೆ ಚಕ್ರ ಸುಮಾರು ಎರಡೂವರೆ ಸುತ್ತು ತಿರುಗಬೇಕು. ಸಮತಟ್ಟಿನಲ್ಲಿ ಹಿತ, ಏರಿನಲ್ಲಿ ತುಕ್ಕು ಚೈನಿನ ಜೊತೆ ಅದು ಮಂಡಿಗೆ ಶಿಕ್ಷೆ. ಹಿಂದೆ ಮುಂದೆ 32 ಹಲ್ಲುಗಳ ಗೇರ್ ಇದ್ದರೆ ಅದೇ ಏರಿಗೆ ಅರ್ಧಕ್ಕಿಂತ ಕಡಿಮೆ ಬಲ ಸಾಕು, ನಿಧಾನವಾಗಿ ಹೋಗಬೇಕಷ್ಟೆ.

ಹಾಗಾಗಿ ನನ್ನ ಸಲಹೆ ಸಪ್ಪೆಯದು: ನೂರು ಬೇಡ, ಗೇರ್ ಇರುವ ಇಪ್ಪತ್ತು ಸಾಕು. ಉಳಿದ ದುಡ್ಡಿನಲ್ಲಿ ಸ್ಟ್ಯಾಂಡಿಗೆ ಚಾವಣಿ, ಕಟ್ಟಡಕ್ಕೊಂದು ಪಂಪ್, ವಾರಕ್ಕೆರಡು ದಿನ ಒಬ್ಬ ರಿಪೇರಿಯವರು. ಬೈಕ್‌ಗಳನ್ನು ಗೇಟಿನ ಬಳಿಯೇ ನಿಲ್ಲಿಸಬೇಕು. ಇದಿಲ್ಲದಿದ್ದರೆ ಉಳಿದದ್ದೆಲ್ಲ ದಂಡ. ‘ಇಪ್ಪತ್ತು ಸೈಕಲ್ ಉದ್ಘಾಟನೆಗೆ ಯಾರು ಬರ್ತಾರೆ?’ ಎಂದಳು ಹೆಂಡತಿ. ಅವಳು ಹೇಳಿದ್ದೂ ಸುಳ್ಳಲ್ಲ.

ಮೂರು ಸಭೆ ಬೇಕಾದವು. ಚಾವಣಿ, ಪಂಪು, ರಿಪೇರಿಯವರು ಮಂಜೂರಾದರು. ಸೈಕಲ್ ಸಂಖ್ಯೆ ನಲವತ್ತಕ್ಕೆ ನಿಂತಿತು. ಬೈಕ್ ವಿಷಯ ‘ಮುಂದಿನ ಸೆಮಿಸ್ಟರ್‌ಗೆ ನೋಡೋಣ’ ಎಂದಾಯಿತು, ಅದೊಂದೇ ನನಗಿರುವ ಅಳುಕು.

ಬಂದ ರಿಪೇರಿಯವರು ಅರವತ್ತು ದಾಟಿದವರು. ನನ್ನ ಸೈಕಲ್ ನೋಡಿದವರೇ ‘ಗಾಲಿ ಲೇದು’ ಅಂದರು. ನಾನು ಬೆಚ್ಚಿ ಎರಡೂ ಗಾಲಿ ನೋಡಿಕೊಂಡೆ, ಇದ್ದವು. ತೆಲುಗಿನ ಗಾಲಿ ನಮ್ಮ ಗಾಳಿ ಎಂಬುದು ಇಷ್ಟು ವರ್ಷ ಇಲ್ಲಿದ್ದೂ ಆ ಕ್ಷಣಕ್ಕೆ ಮರೆತೇಹೋಗಿತ್ತು. ಅವರು ಪಂಪ್ ಒತ್ತುತ್ತಲೇ ನಗುತ್ತಿದ್ದರು. ನಮ್ಮ ಆಫೀಸಿನಲ್ಲಿ ಸ್ಟಿಕ್ಕರ್ ಅರ್ಜಿ ಇನ್ನೂ ಬಾಕಿ ಇದೆ.