ನಮ್ಮ ಹುಡುಗರೂ ಇಂಜಿನಿಯರಿಂಗ್ ವಿದ್ಯೆಯೂ

ನಾಶಿಕವೆಂದೊಡನೆ ನಮ್ಮವರಿಗೆ ನೆನಪಾಗುವುದು ಗೋದಾವರಿಯ ಸ್ನಾನ, ಪಂಚವಟಿ, ತ್ರ್ಯಂಬಕೇಶ್ವರನ ದರ್ಶನ. ಕನ್ನಡಿಗರಾದ ನಾವು ಈ ಊರನ್ನು ನೆನೆಯಲು ಇನ್ನೊಂದು ಕಾರಣವೂ ಉಂಟು. ಸರ್ ಎಂ. ವಿಶ್ವೇಶ್ವರಯ್ಯನವರು ತಮ್ಮ ವೃತ್ತಿಯನ್ನು ಆರಂಭಿಸಿದುದು ಇಲ್ಲಿಯೇ. 1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯ ಸಹಾಯಕ ಇಂಜಿನಿಯರರಾಗಿ ಅವರು ನಾಶಿಕಕ್ಕೆ ಬಂದರು.

ಆ ಹುದ್ದೆಗೆ ಅವರು ಏರಿಬಂದ ಮೆಟ್ಟಿಲುಗಳನ್ನು ನಮ್ಮ ತರುಣರು ಗಮನಿಸತಕ್ಕದ್ದು. ಎಳೆವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡ ಅವರು, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದಾಗ ಕೊಡಗಿನ ಒಂದು ಮನೆತನದ ಮಕ್ಕಳಿಗೆ ಪಾಠ ಹೇಳಿ ತಮ್ಮ ವೆಚ್ಚವನ್ನು ತೂಗಿಸಿಕೊಂಡರು. 1881ರಲ್ಲಿ ಬಿ.ಎ. ಪದವಿ ಪಡೆದರು. ಅನಂತರ ಮೈಸೂರು ಸರಕಾರದ ವಿದ್ಯಾರ್ಥಿವೇತನದ ನೆರವಿನಿಂದ ಪುಣೆಯ ಸಾಯನ್ಸ್ ಕಾಲೇಜನ್ನು ಸೇರಿ, 1883ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾದರು. ದುಡಿದು ಓದಿದವರು, ಪರಭಾಷೆಯ ಊರಿನಲ್ಲಿ ಓದಿದವರು ಎಂಬ ಎರಡು ಮಾತುಗಳು ಅವರಿಗೆ ಸಲ್ಲುವಂತೆ ನಮ್ಮ ಹುಡುಗರಿಗೂ ಸಲ್ಲುತ್ತವೆ.

ಅಂದು ಈ ವಿದ್ಯೆಗೆ ಪುಣೆಗೆ ಹೋಗಬೇಕಾಗಿತ್ತು. ಇಂದು ಅದು ನಮ್ಮ ಬಾಗಿಲಿಗೇ ಬಂದಿದೆ. ನಾಶಿಕದ ಎಚ್.ಪಿ.ಟಿ. ಕಾಲೇಜು 1924ರಷ್ಟು ಹಿಂದಿನದು, ಕೆ.ಕೆ. ವಾಘ ಇಂಜಿನಿಯರಿಂಗ್ ಕಾಲೇಜು 1984ರಲ್ಲಿ ಪ್ರಾರಂಭವಾಯಿತು. ಹಿಂದೆ ಔರಂಗಾಬಾದೆಂದು ಕರೆಯಲ್ಪಡುತ್ತಿದ್ದ ಛತ್ರಪತಿ ಸಂಭಾಜಿನಗರದಲ್ಲಿ ಡಾ. ಅಂಬೇಡ್ಕರರು 1950ರಲ್ಲಿ ಮಿಲಿಂದ ಕಾಲೇಜನ್ನು ಸ್ಥಾಪಿಸಿದರು. 1958ರಲ್ಲಿ ಮರಾಠವಾಡಾ ವಿಶ್ವವಿದ್ಯಾಲಯವೂ 1960ರಲ್ಲಿ ಸರಕಾರಿ ಇಂಜಿನಿಯರಿಂಗ್ ಕಾಲೇಜೂ ಸ್ಥಾಪನೆಗೊಂಡವು. ಕಾಲೇಜುಗಳಿಗೆ ಕೊರತೆಯಿಲ್ಲ. ಅವುಗಳ ಬಾಗಿಲಿಗೆ ನಮ್ಮ ಹುಡುಗರನ್ನು ಮುಟ್ಟಿಸುವ ದಾರಿಯು ಯಾವುದೆಂಬುದೇ ವಿಚಾರಣೀಯವಾದುದು.

ದಾರಿಗಳು ಎರಡು. ಹತ್ತನೆಯ ತರಗತಿಯ ಬಳಿಕ ಎರಡು ವರ್ಷ ಭೌತ, ರಸಾಯನ, ಗಣಿತಗಳನ್ನು ಓದಿ, ರಾಜ್ಯದ ಸಿ.ಇ.ಟಿ. ಪರೀಕ್ಷೆ ಬರೆದು, ನಾಲ್ಕು ವರ್ಷಗಳ ಪದವಿ ವ್ಯಾಸಂಗಕ್ಕೆ ಸೇರುವುದು ಒಂದು. ಹತ್ತನೆಯ ತರಗತಿಯ ಅಂಕಗಳ ಮೇಲೆಯೇ ಪಾಲಿಟೆಕ್ನಿಕ್ ಸೇರಿ, ಮೂರು ವರ್ಷದ ಡಿಪ್ಲೊಮಾ ಮುಗಿಸಿ, ಪದವಿಯ ಎರಡನೆಯ ವರ್ಷಕ್ಕೆ ನೇರವಾಗಿ ಪ್ರವೇಶ ಪಡೆಯುವುದು ಇನ್ನೊಂದು. ಲೆಕ್ಕ ಹಾಕಿ ನೋಡಿದರೆ ಎರಡಕ್ಕೂ ಹಿಡಿಯುವುದು ಆರೇ ವರ್ಷ. ಆದರೆ ಎರಡನೆಯ ದಾರಿಯಲ್ಲಿ ಮೂರನೆಯ ವರ್ಷಕ್ಕೇ ಕೈಯಲ್ಲಿ ಒಂದು ಕಸುಬು ಬಂದಿರುತ್ತದೆ. ಮನೆಯಲ್ಲಿ ಕಷ್ಟ ಒದಗಿದರೆ ಅಲ್ಲಿ ನಿಂತು ನೌಕರಿ ಹಿಡಿಯಬಹುದು. ಅನುಕೂಲವಿದ್ದರೆ ಮುಂದೆ ಸಾಗಬಹುದು. ಊರಿಗೆ ತಿಂಗಳು ತಿಂಗಳು ಹಣ ಕಳುಹಿಸಬೇಕಾದ ಕುಟುಂಬಕ್ಕೆ ಈ ದಾರಿಯೇ ಕ್ಷೇಮಕರವೆಂದು ನಮ್ಮ ಅಭಿಪ್ರಾಯ. ಶಾಲೆಯನ್ನು ನಡುವೆಯೇ ಬಿಟ್ಟು ಬಂದವರು ರಾಷ್ಟ್ರೀಯ ಮುಕ್ತ ವಿದ್ಯಾಲಯ ಸಂಸ್ಥೆಯ ಮೂಲಕ ಹತ್ತನೆಯ ತರಗತಿಯ ಪರೀಕ್ಷೆಗೆ ಕುಳಿತುಕೊಳ್ಳಬಹುದು.

ಈ ವಿದ್ಯೆ ನಮ್ಮವರಿಗೆ ತೀರ ಅಪರಿಚಿತವಾದುದಲ್ಲ. ಇಡ್ಲಿಯ ಅಟ್ಟದಲ್ಲಿ ಹಬೆಯು ಹೇಗೆ ಶಾಖವನ್ನು ಒಯ್ಯುತ್ತದೆಂಬುದನ್ನು ಹೇಳುವುದು ವಿಜ್ಞಾನ. ಇನ್ನೂರು ಇಡ್ಲಿಗೆ ಎಷ್ಟು ಹಬೆ ಬೇಕು, ಪಾತ್ರೆಯ ತಗಡು ಎಷ್ಟು ದಪ್ಪವಿರಬೇಕು, ಇಂಧನಕ್ಕೆ ಎಷ್ಟು ಖರ್ಚಾದೀತು ಎಂಬುದನ್ನು ನಿರ್ಣಯಿಸುವುದು ಇಂಜಿನಿಯರಿಂಗ್. ರುಬ್ಬುವ ಯಂತ್ರದ ಮೋಟಾರು ಏಕೆ ಬಿಸಿಯಾಯಿತೆಂದು ಕೇಳುವ ಹುಡುಗನಲ್ಲಿ ಅದರ ಬೀಜವಿದೆ. ಪಾಠಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ನಡೆಯುವುವಾದರೂ ಅಂಜಬೇಕಾಗಿಲ್ಲ. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಡಿಪ್ಲೊಮಾ ಮತ್ತು ಪದವಿಯ ಮೊದಲ ವರ್ಷದ ಪಠ್ಯಗಳನ್ನು ಕನ್ನಡದಲ್ಲಿಯೂ ಹೊರತಂದಿದೆ.

ಎರಡು ವಿಷಯಗಳಲ್ಲಿ ಎಚ್ಚರ ಅಗತ್ಯ. ಅಂಚೆಯ ಮೂಲಕ ಇಂಜಿನಿಯರಿಂಗ್ ಪದವಿ ಕೊಡಿಸುವೆವೆಂಬ ಜಾಹೀರಾತುಗಳಿಗೆ ಮರುಳಾಗಬಾರದು. ಕೆಲವು ಪರಿಗಣಿತ ವಿಶ್ವವಿದ್ಯಾಲಯಗಳು ಅನುಮತಿಯಿಲ್ಲದೆ ಹಾಗೆ ಕೊಟ್ಟ ಪದವಿಗಳ ವಿರುದ್ಧ ಸರ್ವೋಚ್ಚ ನ್ಯಾಯಾಲಯವು 2017ರ ನವೆಂಬರಿನಲ್ಲಿ ತೀರ್ಪಿತ್ತಿದೆ. ಪ್ರಯೋಗಶಾಲೆಯಲ್ಲಿ ಕೈ ಮಸಿಯಾಗದೆ ಈ ವಿದ್ಯೆ ಬರುವಂಥದಲ್ಲ. ಎರಡನೆಯದು, ಡೊಮಿಸೈಲ್ ಪ್ರಮಾಣಪತ್ರ. ಮಹಾರಾಷ್ಟ್ರದವರಿಗೆ ಮೀಸಲಾದ ಸೀಟುಗಳಿಗೆ ಅದನ್ನು ಕೇಳುತ್ತಾರೆ. ಅದಕ್ಕೆ ಸಾಮಾನ್ಯವಾಗಿ 15 ವರ್ಷಗಳ ವಾಸದ ಪುರಾವೆ ಬೇಕು. ಹೋಟೆಲಿನ ಮಾಳಿಗೆಯಲ್ಲಿಯೇ ಮಲಗಿ ವರ್ಷಗಳನ್ನು ಕಳೆದವನ ಹೆಸರಿನಲ್ಲಿ ಬಾಡಿಗೆಯ ಚೀಟಿಯಾಗಲಿ ವಿದ್ಯುತ್ತಿನ ಬಿಲ್ಲಾಗಲಿ ಇರುವುದಿಲ್ಲ. ಮಗ ಪರೀಕ್ಷೆಯಲ್ಲಿ ಗೆದ್ದರೂ ತಂದೆಯ ಕಾಗದಪತ್ರ ಸೋಲಬಾರದು. ಆದುದರಿಂದ ಮಗು ಏಳನೆಯ ತರಗತಿಯಲ್ಲಿರುವಾಗಲೇ ರೇಷನ್ ಕಾರ್ಡು, ಶಾಲೆಯ ದಾಖಲೆ ಮೊದಲಾದುವನ್ನು ಕೂಡಿಸಿಡುವುದು, ತಹಸೀಲ್ದಾರರ ಕಚೇರಿಯಲ್ಲಿ ವಿಚಾರಿಸುವುದು ಜಾಣತನ.

ಕೊನೆಯದಾಗಿ ಹೋಟೆಲಿನ ಧಣಿಗಳಲ್ಲಿ ಒಂದು ಬಿನ್ನಹ. ಪಾಲಿಟೆಕ್ನಿಕ್ಕಿನ ಪಾಠ ಹಗಲಿನಲ್ಲಿ. ಓದುವ ಹುಡುಗನಿಗೆ ಬೆಳಗಿನ ತಿಂಡಿಯ ಹೊತ್ತಿನ ಕೆಲಸವನ್ನಷ್ಟೇ ಒಪ್ಪಿಸಿ, ರಾತ್ರಿಯ ಪಾಳಿಯಿಂದ ಅವನನ್ನು ಬಿಡಿಸಿರಿ. ಪರೀಕ್ಷೆಯ ತಿಂಗಳಲ್ಲಿ ಪಗಾರ ಕಡಿಯದೆ ರಜೆ ಕೊಡಿರಿ. ಗಲ್ಲೆಯ ಮೇಲೆ ಕುಳಿತವರಿಗೆ ತಿಳಿದಿರುವಂತೆ, ಒಬ್ಬ ಮಾಣಿ ಹೋದರೆ ಇನ್ನೊಬ್ಬನು ದೊರೆತಾನು. ಹದಿನಾರರ ಹರೆಯದಲ್ಲಿ ಓದು ತಪ್ಪಿದವನಿಗೆ ಆ ಆರು ವರ್ಷಗಳು ಮಾತ್ರ ಮತ್ತೆ ದೊರೆಯುವುದು ದುರ್ಲಭ.