ಸೊನ್ನೆ ಸಿಕ್ಕ ಮೇಲೆ

ಸಾವಿರ ಸಂಖ್ಯೆಗಳ ಪಟ್ಟಿಯೊಂದಿದೆ, ಅಷ್ಟನ್ನೂ ಗುಣಿಸಬೇಕು. ನಡುವೆ ಎಲ್ಲಾದರೂ ಒಂದು ಸೊನ್ನೆ ಕಂಡರೆ ಲೆಕ್ಕ ಅಲ್ಲಿಗೆ ಮುಗಿಯಿತು. ಮಗ್ಗಿ ಕಲಿತ ಮಕ್ಕಳಿಗೂ ಇದು ಗೊತ್ತು. ಸಿ ಅಥವಾ ಪೈಥಾನ್ ಬರೆಯುವವರು ಆ ಜಾಗದಲ್ಲಿ ‘ಬ್ರೇಕ್’ ಎಂದು ಬರೆದು ಲೂಪಿನಿಂದ ಹೊರಗೆ ಬರುತ್ತಾರೆ. ಅವರೇ ಹ್ಯಾಸ್ಕೆಲ್ ಕಲಿಯಲು ಕೂತರೆ ಮೊದಲು ಹುಡುಕುವುದೂ ಅದನ್ನೇ. ತಮಾಷೆಯೆಂದರೆ ಆ ಹೆಸರಿನ ಫಂಕ್ಷನ್ ಅಲ್ಲಿ ಇದೆ, ಆದರೆ ಅದು ಮಾಡುವುದು ಪಟ್ಟಿಯನ್ನು ಎರಡು ತುಂಡು ಮಾಡುವ ಕೆಲಸ!

ಹೊರಗೆ ಬರಲು ಅಲ್ಲಿ ಲೂಪೇ ಇಲ್ಲ. ಫಂಕ್ಷನ್ ತನ್ನನ್ನೇ ಮತ್ತೆ ಮತ್ತೆ ಕರೆದುಕೊಳ್ಳುತ್ತದೆ. ಮುಂದೆ ಹೋಗಬೇಕಿದ್ದರೆ ಕರೆಯಬೇಕು. ನಿಲ್ಲಬೇಕಿದ್ದರೆ ಕರೆಯದೆ ಉತ್ತರ ಕೊಟ್ಟರಾಯಿತು. ಹೇಳುವುದಕ್ಕೆ ಇಷ್ಟೇ. ತೊಡಕು ಇರುವುದು ವಾಪಸು ಬರುವ ದಾರಿಯಲ್ಲಿ.

3, 5, 0, 7 ಎಂಬ ಪುಟ್ಟ ಪಟ್ಟಿ ತೆಗೆದುಕೊಳ್ಳಿ. ‘ಮೊದಲನೆಯದನ್ನು ಉಳಿದವುಗಳ ಗುಣಲಬ್ಧದಿಂದ ಗುಣಿಸು’ ಎಂದು ಬರೆದಿದ್ದೇವೆ. ಉಳಿದದ್ದರ ಉತ್ತರ ಬರಲಿ ಎಂದು 3 ಕಾಯುತ್ತದೆ, ಅದರ ಹಿಂದೆ 5 ಕಾಯುತ್ತದೆ. ಸೊನ್ನೆ ಸಿಕ್ಕಿತು, ಮುಂದೆ ಕರೆಯಲಿಲ್ಲ, 7ನ್ನು ಯಾರೂ ನೋಡಲೇ ಇಲ್ಲ. ಆದರೂ ಕಾಯುತ್ತಿದ್ದವರಿಗೆ ಉತ್ತರ ಮುಟ್ಟಿಸಬೇಕಲ್ಲ? ಐದು ಸೊನ್ನೆಲೆ ಸೊನ್ನೆ, ಮೂರು ಸೊನ್ನೆಲೆ ಸೊನ್ನೆ. ಸೊನ್ನೆ ಸಾವಿರನೆಯದಾಗಿದ್ದರೆ ಇಂಥ 999 ವ್ಯರ್ಥ ಗುಣಾಕಾರ.

ಗುಣಲಬ್ಧವನ್ನು ಜೊತೆಯಲ್ಲೇ ಒಯ್ಯುವುದು ಪಠ್ಯಪುಸ್ತಕದ ಪರಿಹಾರ. ಆಗ ಕಾಯುವವರು ಯಾರೂ ಇರುವುದಿಲ್ಲ. ಇಂಥ ಕರೆಯಿಂದ ಸ್ಟ್ಯಾಕ್, ಅಂದರೆ ಕಾಯುವವರ ಸಾಲು, ಬೆಳೆಯಕೂಡದು ಎಂದು ಸ್ಕೀಮ್ ಭಾಷೆಯ ನಿಯಮವೇ ಹೇಳುತ್ತದೆ. ಸೊನ್ನೆ ಕಂಡೊಡನೆ ನೇರವಾಗಿ ಹೊರಗೆ. ಆದರೆ ಅಲ್ಲಿಯವರೆಗಿನ ಗುಣಾಕಾರಗಳೆಲ್ಲ ನೀರುಪಾಲು. ಅದೂ ಎಂಥವು! ಗುಣಲಬ್ಧ ನೂರಾರು ಅಂಕಿಗಳಷ್ಟು ಉದ್ದವಾಗುತ್ತ ಹೋಗುತ್ತದೆ, ಅದನ್ನು ಗುಣಿಸುವುದೇ ದುಬಾರಿ. ಅದಕ್ಕೆ ಹೋಲಿಸಿದರೆ ಸೊನ್ನೆಯಿಂದ 999 ಸಲ ಗುಣಿಸಿದ್ದೇ ವಾಸಿ ಎನಿಸುತ್ತದೆ.

ಜೆರಾಲ್ಡ್ ಸಸ್ಮನ್ ಮತ್ತು ಗೈ ಸ್ಟೀಲ್ 1975ರಲ್ಲಿ ಎಂಐಟಿಯಲ್ಲಿ ರೂಪಿಸಿದ ಇದೇ ಸ್ಕೀಮ್‌ನಲ್ಲಿ ಮೂರನೆಯ ದಾರಿಯೊಂದಿದೆ, ‘ಕಾಲ್ ಸಿಸಿ’. ಒಳಗೆ ಇಳಿಯುವ ಮುಂಚೆ ‘ಈ ಉತ್ತರ ಬಂದ ಮೇಲೆ ಮಾಡಬೇಕಾದ ಕೆಲಸ’ ಏನಿದೆಯೋ ಅಷ್ಟನ್ನೂ ಒಂದು ಫಂಕ್ಷನ್ ಆಗಿ ಕೈಗೆ ಕೊಡುತ್ತದೆ. ಸೊನ್ನೆ ಸಿಕ್ಕಾಗ ಅದನ್ನು ಕರೆದರೆ, ಕಾಯುತ್ತಿದ್ದವರನ್ನೆಲ್ಲ ಅಲ್ಲೇ ಬಿಟ್ಟು ಒಂದೇ ಜಿಗಿತಕ್ಕೆ ಮೇಲೆ. ಗುಣಾಕಾರಗಳೆಲ್ಲ ವಾಪಸು ದಾರಿಗೇ ಇದ್ದವಲ್ಲ, ಒಂದೂ ನಡೆಯುವುದಿಲ್ಲ. ಪೀಟರ್ ಲ್ಯಾಂಡಿನ್ 1965ರಲ್ಲೇ ವಿವರಿಸಿದ್ದ ‘ಜೆ’ ಆಪರೇಟರ್ ಇದರ ಪೂರ್ವಜ.

ಓಕ್ಯಾಮಲ್ ಭಾಷೆಯವರು ಇದೇ ಜಿಗಿತವನ್ನು ಎಕ್ಸೆಪ್ಶನ್ ಎಸೆದು ಸಾಧಿಸುತ್ತಾರೆ. ಅದಕ್ಕೆಂದೇ ‘ಎಕ್ಸಿಟ್’ ಎಂಬುದೊಂದು ಲೈಬ್ರರಿಯಲ್ಲಿದೆ. ಚುರುಕಾದ ಉಪಾಯವೇ, ಆದರೆ ನನ್ನ ಕೈಯನ್ನು ಒಮ್ಮೆ ಸುಟ್ಟಿದೆ. ಒಳಗಡೆ ‘ಯಾವ ದೋಷ ಬಂದರೂ ಹಿಡಿದು ಮುಂದೆ ಸಾಗು’ ಎಂದು ನಾನೇ ಬರೆದಿಟ್ಟಿದ್ದ ಸಾಲು ಈ ಎಕ್ಸಿಟ್ಟನ್ನೂ ನುಂಗಿಬಿಟ್ಟಿತ್ತು. ಪ್ರೋಗ್ರಾಂ ಸೊನ್ನೆ ದಾಟಿ ಆರಾಮಾಗಿ ಓಡುತ್ತಲೇ ಇತ್ತು.

ಎಲಿಕ್ಸಿರ್ ಭಾಷೆಯ ‘ರೆಡ್ಯೂಸ್ ವೈಲ್’ ನನಗೆ ಇಷ್ಟವಾಗುವುದು ಇದಕ್ಕೇ. ಅಲ್ಲಿ ಪ್ರತಿ ಹೆಜ್ಜೆಯೂ ಉತ್ತರದ ಜೊತೆ ‘ಕಾಂಟ್’ ಅಥವಾ ‘ಹಾಲ್ಟ್’ ಎಂಬ ಚೀಟಿ ಅಂಟಿಸಿ ಕೊಡುತ್ತದೆ. ಜಿಗಿತವಿಲ್ಲ, ಎಸೆತವಿಲ್ಲ, ನಿಲ್ಲುವುದೂ ಒಂದು ಮಾಮೂಲಿ ಮೌಲ್ಯ, ಓದುವವರ ಕಣ್ಣಿಗೆ ಕಾಣುವಂಥದ್ದು.

ಮೊದಲು ಹೇಳಿದ ಹ್ಯಾಸ್ಕೆಲ್‌ಗೆ ಬಂದರೆ, ಅದು ಸೋಮಾರಿ ಭಾಷೆ, ಕೇಳದೆ ಯಾವ ಲೆಕ್ಕವನ್ನೂ ಮಾಡುವುದಿಲ್ಲ. 1, 2, 3 ಎಂದು ಕೊನೆಯೇ ಇಲ್ಲದ ಪಟ್ಟಿ ಕೊಟ್ಟು ‘10ಕ್ಕಿಂತ ದೊಡ್ಡದು ಇದೆಯೇ?’ ಎಂದರೆ 11ಕ್ಕೆ ಬಂದು ‘ಹೌದು’ ಎನ್ನುತ್ತದೆ. ‘ಇದು ಅಥವಾ ಉಳಿದದ್ದು’ ಎಂಬಲ್ಲಿ ‘ಇದು’ ನಿಜವಾದರೆ ಉಳಿದದ್ದನ್ನು ಕೇಳುವವರೇ ಇಲ್ಲ. ನಮ್ಮ ಗುಣಾಕಾರದ ಪಟ್ಟಿಯಲ್ಲೂ ಅದು ಸೊನ್ನೆಯ ಆಚೆ ಇಣುಕದಂತೆ ಬರೆಯಬಹುದು. ಆದರೆ ಈಚೆ ಕಾಯುತ್ತಿರುವ 999 ಮಂದಿಯ ಪಾಡು ಅದೇ, ಸೋಮಾರಿತನ ಅಲ್ಲಿ ಕೆಲಸಕ್ಕೆ ಬರುವುದಿಲ್ಲ.

ಇಷ್ಟೆಲ್ಲ ಬಲ್ಲ ನಾನು ಈಗ ಹೇಗೆ ಬರೆಯುತ್ತೇನೆ ಎಂದರೆ, ಪಟ್ಟಿಯಲ್ಲಿ ಸೊನ್ನೆ ಇದೆಯೇ ಎಂದು ಮೊದಲು ಒಂದು ಸಾಲಿನಲ್ಲಿ ನೋಡಿಬಿಡುತ್ತೇನೆ. ಇಲ್ಲದಿದ್ದರೆ ಮಾತ್ರ ಗುಣಿಸುತ್ತೇನೆ. ಪಟ್ಟಿಯನ್ನು ಎರಡು ಸಲ ಓದಿದಂತಾಗುತ್ತದೆ, ಆಗಲಿ.